ಬಾಯಲ್ಲಿ ಕವಳ, ಕಾಲಲ್ಲಿ ಮರಗಾಲು

ಹದಿನಾಲ್ಕು ವರ್ಷಗಳಿಂದ ನನ್ನದು ಸೀಲಿಂಗ್ ಕೆಲಸ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹೊಸ ಮನೆ ಕಟ್ಟಿಸಿದವರು, ಬೇಕರಿಯವರು, ಮೊಬೈಲ್ ಅಂಗಡಿಯವರು ಕರೆಯುತ್ತಾರೆ. ತಗಡಿನ ಪಟ್ಟಿಗಳ ಚೌಕಟ್ಟು ಕಟ್ಟಿ, ಅದಕ್ಕೆ ಜಿಪ್ಸಮ್ ಬೋರ್ಡು ಹೊಡೆದು, ಸಂದಿಗೆ ಟೇಪು ಅಂಟಿಸಿ, ಪುಟ್ಟಿ ಬಳಿದು ನುಣ್ಣಗೆ ತಿಕ್ಕಿ ಕೊಟ್ಟರೆ ಆಯಿತು. ಬೋರ್ಡಿನ ಮೇಲೆ ಇಲಿ ಸಂಸಾರ ಹೂಡಿದರೂ ಕೆಳಗೆ ಕೂತವರಿಗೆ ಬೆಳ್ಳಗೆ ಕಾಣುತ್ತದೆ. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆ ಕೇಳಿದಾಗಲೆಲ್ಲ ನಮ್ಮ ಕಸುಬನ್ನು ನೋಡಿಯೇ ಯಾರೋ ಕಟ್ಟಿರಬೇಕು ಅನ್ನಿಸುತ್ತದೆ.

ಈ ಕೆಲಸದಲ್ಲಿ ನನ್ನ ಜೊತೆಗಾರ ನನ್ನ ತಂಗಿಯ ಗಂಡ. ತಂಗಿಯನ್ನು ಅವನಿಗೆ ಕೊಡುವ ಮೊದಲೇ ನಾವಿಬ್ಬರೂ ಒಟ್ಟಿಗೆ ದುಡಿದವರು. ಮದುವೆಯಾದ ಮೇಲೆ ಹೆಸರು ಬಿಟ್ಟು ಒಬ್ಬರನ್ನೊಬ್ಬರು ಭಾವ ಅಂತ ಕರೆಯತೊಡಗಿದೆವು. ಬಹುವಚನ ಮಾತ್ರ ನಮ್ಮ ನಡುವೆ ಬರಲೇ ಇಲ್ಲ. ಅವನ ಮನೆ ತೀರ್ಥಹಳ್ಳಿಯಲ್ಲಿ, ನನ್ನದು ಸಾಗರದಲ್ಲಿ. ಕೆಲಸ ಸಿಕ್ಕ ಊರಿಗೆ ಒಬ್ಬೊಬ್ಬರು ಒಂದೊಂದು ಬಸ್ಸಿನಲ್ಲಿ ಬಂದು ಸೇರುತ್ತೇವೆ. ಅವನು ನಿಧಾನಿ, ನಾನು ದುಡುಕ. ಅವನು ಅಳತೆ ಟೇಪು ಹಿಡಿದು ಗೋಡೆಯ ಮುಂದೆ ನಿಂತರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಆದರೂ ಇಷ್ಟು ವರ್ಷ ಜಗಳವಾಡುತ್ತಲೇ ಚೆನ್ನಾಗಿದ್ದೆವು.

ಮೊದಮೊದಲು ಏಣಿ, ಡ್ರಮ್ಮು, ಹಲಗೆ ಇಷ್ಟರಲ್ಲೇ ಕೆಲಸ ನಡೆಯುತ್ತಿತ್ತು. ನಾಲ್ಕು ಸ್ಕ್ರೂ ಹಾಕಿ ಇಳಿಯುವುದು, ಏಣಿ ಸರಿಸುವುದು, ಮತ್ತೆ ಹತ್ತುವುದು. ಒಂದು ದಿನ ಭಾವ ಮೊಬೈಲಿನಲ್ಲಿ ಎಲ್ಲಿಯದೋ ವಿಡಿಯೋ ನೋಡಿ ಎರಡು ಜೊತೆ ಕಾಲು ತರಿಸಿದ. ಅಲ್ಯೂಮಿನಿಯಮ್ಮಿನ ಕಾಲುಗಳು. ಕೆಳಗೆ ರಬ್ಬರಿನ ಪಾದ, ಹರಡಿನ ಹತ್ತಿರ ಸ್ಪ್ರಿಂಗು, ಪಾದಕ್ಕೆ ಒಂದು, ಮೀನಖಂಡಕ್ಕೆ ಒಂದು, ಮೊಣಕಾಲಿನ ಕೆಳಗೆ ಒಂದು ಹೀಗೆ ಕಾಲಿಗೆ ಮೂರು ಬೆಲ್ಟು. ಕಟ್ಟಿಕೊಂಡರೆ ಮನುಷ್ಯ ಇನ್ನೂ ಎರಡೂವರೆ ಅಡಿ ಎತ್ತರವಾಗುತ್ತಾನೆ. ಚಿಕ್ಕಂದಿನಲ್ಲಿ ಕೆಸರು ದಾಟಲು ನಾವು ಬಿದಿರಿನ ಮರಗಾಲು ಕಟ್ಟಿ ನಡೆದವರೇ. ಹಾಗಾಗಿ ಇದಕ್ಕೂ ಮರಗಾಲು ಅಂತಲೇ ಕರೆದೆವು. ಮೊದಲ ವಾರ ಜನ ಕಿಟಕಿಯಲ್ಲಿ ಬಂದು ನಿಂತು ನೋಡುತ್ತಿದ್ದರು. ಸಾಗರದ ಅಂಗಡಿಯೊಂದರಲ್ಲಿ ಒಬ್ಬರು, ಟಿಕೆಟ್ ಎಷ್ಟು ಅಂತ ಕೇಳಿದರು.

ನಿಯಮಗಳನ್ನೆಲ್ಲ ಮಾಡಿದವನು ಭಾವ. ಹತ್ತುವ ಮೊದಲು ನೆಲ ಗುಡಿಸಬೇಕು. ವಯರು, ಬೋರ್ಡಿನ ತುಂಡು, ನೀರು ಒಂದೂ ಇರಬಾರದು. ಬೋಲ್ಟುಗಳನ್ನು ದಿನವೂ ತಿರುಗಿಸಿ ನೋಡಬೇಕು. ಎತ್ತರದ ಮೇಜಿನ ಮೇಲೆ ಕೂತು ಕಟ್ಟಿಕೊಳ್ಳಬೇಕು, ಅಲ್ಲಿಯೇ ಕೂತು ಬಿಚ್ಚಬೇಕು. ಕೆಳಗೆ ಬಿದ್ದದ್ದು ಚಿನ್ನವಾದರೂ ಬಗ್ಗಿ ಎತ್ತಬಾರದು. ಒಬ್ಬನೇ ಇದ್ದಾಗ ಕಟ್ಟಿಕೊಳ್ಳಲೇಬಾರದು. ಹಿಂದಕ್ಕೆ ನಡೆಯಬಾರದು. ಬೋರ್ಡು ಎತ್ತಿ ಹಿಡಿದಾಗ ಮಾತ್ರ ಒಂದೆರಡು ಹೆಜ್ಜೆ ಹಿಂದಿಡದೆ ಗತ್ಯಂತರವಿಲ್ಲ. ಆಗ ಒಬ್ಬನ ಬೆನ್ನಿಗೆ ಇನ್ನೊಬ್ಬನ ಕಣ್ಣು. ಎದುರಿಗಿದ್ದವನು ‘ನಿಲ್ಲು’ ಅನ್ನಬೇಕು. ಅನ್ನದಿದ್ದರೆ ಹಿಂದೆ ಖಾಲಿಯಿದೆ ಅಂತ ಅರ್ಥ.

ಇಷ್ಟೆಲ್ಲ ಯೋಚಿಸಿದ ಭಾವನಿಗೆ ಒಂದು ಹೊಳೆಯಲಿಲ್ಲ, ನನಗಂತೂ ಹೊಳೆಯುವ ಮಾತೇ ಇಲ್ಲ. ನಮ್ಮ ಕಡೆ ಕವಳ ಹಾಕದೆ ಕೆಲಸಕ್ಕೆ ಕೈ ಹಚ್ಚುವವರು ಕಡಿಮೆ. ಎಲೆ, ಅಡಿಕೆ, ಸುಣ್ಣ, ಒಂದು ಎಸಳು ತಂಬಾಕು. ಏಣಿಯ ಕಾಲದಲ್ಲಿ ಇಳಿದು ಹೊರಗೆ ಹೋಗಿ ಉಗಿದು ಬರುತ್ತಿದ್ದೆ. ಮರಗಾಲು ಕಟ್ಟಿದ ಮೇಲೆ ಅದೊಂದು ರಾಮಾಯಣ. ಮೇಜಿಗೆ ಹೋಗಿ ಕೂರಬೇಕು, ಆರು ಬೆಲ್ಟು ಬಿಚ್ಚಬೇಕು. ಅದಕ್ಕೆ ನಾನು ಒಂದು ಕವಳವನ್ನು ಒಂದು ಸಾಲು ಬೋರ್ಡು ಮುಗಿಯುವವರೆಗೆ ಬಾಯಲ್ಲಿ ತುಂಬಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡೆ. ರಸ ತುಂಬಿದ ಮೇಲೆ ಗಲ್ಲ ಉಬ್ಬಿಸಿ, ತುಟಿ ಬಿಗಿದು, ಗದ್ದ ಮೇಲೆತ್ತಿ ಹೂಂಕಾರದಲ್ಲೇ ವ್ಯವಹಾರ. ಭಾವ ಕವಳ ಹಾಕುವವನಲ್ಲ. “ನಿಂದು ಬಾಯಲ್ಲ ಮಾರಾಯ, ಕೆರೆ. ಯಾವತ್ತಾದ್ರೂ ಕೋಡಿ ಬೀಳ್ತದೆ” ಅನ್ನುತ್ತಿದ್ದ. ನಾನು ಗದ್ದ ಎತ್ತಿ ನಗುತ್ತಿದ್ದೆ.

ಅದು ಹೊಸನಗರದ ಕಡೆ ಒಂದು ಹೊಸ ಮನೆ. ಮನೆಯಲ್ಲಿ ಅರವತ್ತೈದು ದಾಟಿದ ಅಮ್ಮನೊಬ್ಬರಿದ್ದರು. ಆ ಮನೆಗೆ ಯಾರೇ ಬರಲಿ, ಮೊದಲು ಬೆಲ್ಲ, ನೀರು. ಕರೆಂಟಿನವನಾಗಲಿ ಬಳಗದವರಾಗಲಿ ಭೇದವಿಲ್ಲ. ಮೊದಲ ಎರಡು ದಿನ ಬಾಗಿಲಲ್ಲಿ ನಿಂತು, “ಆಸ್ರಿಗೆ ಎಂತ ಬೇಕು?” ಅಂತ ಬಾಯಾರಿಕೆ ವಿಚಾರಿಸಿದರು. ನಾವು ಮೇಜಿಗೆ ಹೋಗಿ, ಕಾಲು ಬಿಚ್ಚಿ, ಇಳಿದು ಕುಡಿದೆವು. ಕಾಲು ಬಿಚ್ಚಿ ಕಟ್ಟುವುದರಲ್ಲಿ ನಮಗೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದನ್ನು ಅವರು ನೋಡಿಟ್ಟುಕೊಂಡಿದ್ದಾರೆ ಅಂತ ನಮಗೆ ತಿಳಿಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತು. ನಾವಿಬ್ಬರೂ ಎದುರುಬದುರು ನಿಂತು ಒಂದು ದೊಡ್ಡ ಬೋರ್ಡನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದೆವು. ಭಾವನ ಬೆನ್ನು ಒಳಬಾಗಿಲಿಗೆ, ನನ್ನ ಮುಖ ಆ ಕಡೆಗೆ. ಅಮ್ಮ ಸದ್ದಿಲ್ಲದೆ ಬಂದರು. ಹಿತ್ತಾಳೆಯ ತಟ್ಟೆಯಲ್ಲಿ ಚೊಂಬು, ಎರಡು ಲೋಟ, ಬೆಲ್ಲ. ಭಾವನ ಹಿಂದೆ ಮೂರು ಅಡಿ ದೂರದಲ್ಲಿ ನೆಲದ ಮೇಲೆ ಇಟ್ಟು, ನನ್ನ ಕಡೆ ನೋಡಿ ‘ಇಲ್ಲಿಟ್ಟಿದ್ದೇನೆ’ ಅಂತ ಕೈಸನ್ನೆ ಮಾಡಿ ಹೋದರು. ನಾನು ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸಿದೆ.

ಆಗ ಭಾವ ಒಂದು ಹೆಜ್ಜೆ ಹಿಂದಿಟ್ಟ. ಬೋರ್ಡು ಇನ್ನೂ ಒಂದು ಮೊಳ ಅವನ ಕಡೆಗೆ ಹೋಗಬೇಕಿತ್ತು.

ಇಲ್ಲಿ ನಾನು ನಿಜ ಹೇಳಬೇಕು. ನನಗೆ ಸಮಯವಿತ್ತು. ಎರಡನೆಯ ಹೆಜ್ಜೆಗೆ ಅವನು ಕಾಲೆತ್ತುವ ಮೊದಲು ‘ನಿಲ್ಲು’ ಅನ್ನುವಷ್ಟು ಸಮಯ ಧಾರಾಳವಾಗಿತ್ತು. ಎರಡೂ ಕೈ ಬೋರ್ಡಿನಲ್ಲಿ, ಬಾಯಿ ತುಂಬ ಕೆಂಪು ರಸ, ತಲೆಯ ಮೇಲೆ ಬೆಳ್ಳನೆಯ ಬೋರ್ಡು, ಎದುರಿಗೆ ಭಾವನ ಅಂಗಿ, ಕೆಳಗೆ ಕನ್ನಡಿಯಂಥ ಹೊಸ ಟೈಲ್ಸು. ಬಾಯಿ ತೆರೆದರೆ ಎಲ್ಲಿಗೆ ಬೀಳುತ್ತದೆ ಅಂತ ನೋಡಿದೆ. ಭಾವನಿಗೆ ಏನಾಗುತ್ತದೆ ಅಂತ ನೋಡಬೇಕಾದ ಹೊತ್ತಿನಲ್ಲಿ, ಉಗಿಯಲು ಜಾಗ ಹುಡುಕಿದೆ. ಗಂಟಲಲ್ಲೇ ಏನೋ ಸದ್ದು ಮಾಡಿದೆ. ಬೋರ್ಡು ಪಟ್ಟಿಗೆ ಉಜ್ಜುವ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ.

ರಬ್ಬರ್ ಪಾದ ತಟ್ಟೆಯ ಅಂಚಿನ ಮೇಲೆ ಕೂತಿತು. ಚೊಂಬು ಉರುಳಿತು. ಭಾವ ಎಡಕ್ಕೆ ವಾಲಿ, ಎಡಗೈ ಊರಿ ಬಿದ್ದ. ಬೋರ್ಡು ನನ್ನ ಭುಜದ ಮೇಲೆ ಮುರಿದು ಎರಡಾಯಿತು. ನಾನು ಗೋಡೆಗೆ ಒರಗಿ ಹೇಗೋ ನಿಂತುಕೊಂಡೆ. ಕೆಳಗೆ ಬಿದ್ದವನ ಹತ್ತಿರ ಕೂರೋಣವೆಂದರೆ ಮರಗಾಲು ಕಟ್ಟಿದವನಿಗೆ ಕೂರಲಾಗುವುದಿಲ್ಲ, ಬಗ್ಗಲಾಗುವುದಿಲ್ಲ. ಅವನನ್ನು ಸುತ್ತು ಹಾಕಿ ಮೇಜಿಗೆ ಹೋಗಿ, ಒಂದೊಂದೇ ಬೆಲ್ಟು ಬಿಚ್ಚಿದೆ. ಆರು ಬೆಲ್ಟುಗಳಿಗೆ ಒಂದು ವರ್ಷ ಹಿಡಿದಂತಾಯಿತು. ಅಷ್ಟರಲ್ಲಿ ಯಾವಾಗಲೋ ಕವಳವನ್ನು ತಂಬಾಕಿನ ಸಮೇತ ನುಂಗಿಬಿಟ್ಟಿದ್ದೆ.

ಇಳಿದು ಓಡಿ ಹೋಗಿ ಅವನ ಪಕ್ಕ ಕೂತೆ. ಮುಂಗೈ ಇರಬಾರದ ಹಾಗೆ ಸೊಟ್ಟಗಾಗಿತ್ತು. ಅವನು ಹಲ್ಲು ಕಚ್ಚಿಕೊಂಡು, “ಹಿಂದೆ ಎಂತ ಇತ್ತು ಭಾವ?” ಅಂದ.

“ನಿಲ್ಲು ಅಂತ ಕೂಗಿದ್ನಲ್ಲ ಭಾವ, ಕೇಳ್ಲಿಲ್ವಾ?” ಅಂದೆ.

ಯಾಕೆ ಹಾಗಂದೆನೋ ಇವತ್ತಿಗೂ ಗೊತ್ತಿಲ್ಲ. ಮೊದಲೇ ಯೋಚಿಸಿ ಹೇಳಿದ ಸುಳ್ಳಲ್ಲ, ಆದರೆ ಹೇಳಿದ ಮೇಲೆ ಗಟ್ಟಿಯಾಗಿ ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾವ ನನ್ನ ಮುಖ ನೋಡಿ, “ಇಲ್ಲ, ಕೇಳ್ಲೇ ಇಲ್ಲ” ಅಂದ. ಅವನ ದನಿಯಲ್ಲಿ ಅನುಮಾನ ಇರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಸೆರಗು ಕಚ್ಚಿಕೊಂಡಿದ್ದರು. “ಕೆಲ್ಸಕ್ಕೆ ಅಡ್ಡ ಮಾಡದು ಬ್ಯಾಡ ಹೇಳಿ ಮಾತಾಡ್ದೇ ಇಟ್ಟಿಕ್ಕಿ ಹೋದಿ. ಇದು ಎನ್ನಿಂದ ಆತು” ಅಂದರು. ಅದನ್ನೂ ನಾನು ಅಲ್ಲ ಅನ್ನಲಿಲ್ಲ.

ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಮುಂಗೈಗೆ ಸಿಮೆಂಟಿನ ಪಟ್ಟು ಹಾಕಿದರು. ಆರು ವಾರ ಬಿಚ್ಚುವ ಹಾಗಿಲ್ಲ. ತಂಗಿ ಬಂದವಳು ಗಂಡನ ಕೈ ನೋಡಿ, ನನ್ನ ಮುಖ ನೋಡಿ, “ನೀನು ಎದುರಿಗೇ ಇದ್ಯಲ್ಲ ಅಣ್ಣ?” ಅಂದಳು. ಅವಳಿಗೂ ಅದೇ ಸುಳ್ಳು ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಸಲೀಸಾಗಿತ್ತು. ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೈ ಮುರಿದದ್ದು ಕೂಡುತ್ತದೆ, ಆರು ವಾರದ ಮಾತು ಅಂತ ನಾನು ಸಮಾಧಾನ ಹೇಳಿಕೊಂಡಿದ್ದೆ. ಆದರೆ ಮುರಿದದ್ದು ಕೈ ಒಂದೇ ಅಲ್ಲ ಅಂತ ನಿಧಾನವಾಗಿ ಗೊತ್ತಾಯಿತು. ಮೂರನೆಯ ವಾರ ನೋಡಲು ಹೋದಾಗ ತಂಗಿ ಗಂಡನೊಡನೆ ಜೋರಾಗಿ ಮಾತಾಡುತ್ತಿದ್ದಳು. “ಕಾಫಿ ಬೇಕಾ” ಅನ್ನುವುದನ್ನು ಹೊಳೆಯಾಚೆ ಇದ್ದವರಿಗೆ ಹೇಳಿದ ಹಾಗೆ ಕೂಗಿದಳು. ಭಾವ ಅವಳ ತುಟಿ ನೋಡಿ ತಲೆಯಾಡಿಸಿದ. ನನ್ನ ಮುಖದಲ್ಲಿ ಏನು ಕಂಡಿತೋ, ಅವನೇ ಹೇಳಿದ.

“ಕಿವಿ ಮಂದ ಆಗಿದೆ ಭಾವ. ನೀನು ಎದುರಿಗೇ ನಿಂತು ಕೂಗಿದ್ದು ಕೇಳ್ಲಿಲ್ಲ ಅಂದ್ಮೇಲೆ ಇನ್ನೆಂತ ಉಳೀತು? ನಮ್ಮಪ್ಪಂಗೂ ಐವತ್ತರ ಹತ್ರನೇ ಶುರುವಾಗಿದ್ದು. ಕಡೆಗಾಲಕ್ಕೆ ನಾವು ಬಾಗ್ಲಲ್ಲಿ ನಿಂತು ಬೊಬ್ಬೆ ಹೊಡೆದ್ರೂ ತಿರುಗ್ತಿರ್ಲಿಲ್ಲ.”

“ಹಂಗೆಲ್ಲ ಎಂತ ಇಲ್ಲ” ಅಂದೆ.

“ನಿಂಗೆಂತ ಗೊತ್ತು? ಕಿವಿ ನಂದು” ಅಂದ. ಮರಗಾಲಿನ ಕೆಲಸ ಸಾಕು ಅಂತ ತೀರ್ಮಾನಿಸಿದ್ದ. ಕೇಳಿಸದವನು ಎರಡೂವರೆ ಅಡಿ ಮೇಲೆ ನಿಂತರೆ ತನ್ನ ಜೊತೆ ಇನ್ನೊಬ್ಬನನ್ನೂ ಕೆಡವುತ್ತಾನೆ, ಅದು ತಪ್ಪು ಅಂದ. ಪರಿಚಯದವರ ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಕ್ರೂ ತೂಗಿ ಕೊಡುವ ಕೆಲಸಕ್ಕೆ ಒಪ್ಪಿಕೊಂಡಿದ್ದ. ಜಗಲಿಯ ಮೂಲೆಯಲ್ಲಿ ಅವನ ಮರಗಾಲುಗಳು ಗೋಡೆಗೆ ಒರಗಿದ್ದವು. ತಂಗಿ ಅವುಗಳ ಮೇಲೆ ಒದ್ದೆ ಟವೆಲು ಹರವಿದ್ದಳು.

ಆ ದಿನ ಬಸ್ಸಿನಲ್ಲಿ ಯಾರೋ ಹಿಂದಿನ ಸೀಟಿನಲ್ಲಿ ಕಿವಿಯ ಬಗ್ಗೆ ಮಾತಾಡಿದರೆ ನನ್ನನ್ನೇ ಅಂದ ಹಾಗಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಅವಸ್ಥೆ ಅದೇ. ಅಂಥ ಕೆಲಸಗಾರ, ಕಣ್ಣಳತೆಯಲ್ಲೇ ನೂಲಿನಷ್ಟು ವ್ಯತ್ಯಾಸ ಹಿಡಿಯುವವನು, ಸ್ಕ್ರೂ ತೂಗಲು ಹೋಗುತ್ತಿದ್ದ. ಕಿವಿ ಕೆಟ್ಟು ಅಲ್ಲ, ನನ್ನ ಬಾಯಿ ಕೆಟ್ಟು.

ಸಾಗರದಲ್ಲಿ ಬಸ್ಸಿಳಿದವನೇ ಕವಳದ ಸಂಚಿಯನ್ನು ಚರಂಡಿಗೆ ಎಸೆದೆ. ಇಪ್ಪತ್ತೆರಡು ವರ್ಷದ ಚಟ, ಸುಲಭಕ್ಕೆ ಬಿಡುವುದೇ? ಮೊದಲ ವಾರ ತಲೆನೋವು, ಕೋಪ, ಊಟ ರುಚಿಸದು. ಹೆಂಡತಿ ಹೆದರಿ ತಾನೇ ಎಲೆ ತಂದುಕೊಡಲೇ ಅಂದಳು. ಬೇಡ ಅಂದೆ. ಆದರೆ ಕವಳ ಬಿಡುವುದು ಅರ್ಧ ಕೆಲಸ ಅಂತ ನನಗೆ ಗೊತ್ತಿತ್ತು. ಉಳಿದರ್ಧಕ್ಕೆ ಧೈರ್ಯ ಸಾಲುತ್ತಿರಲಿಲ್ಲ. ಈ ನಡುವೆ ಬಂದ ಕೆಲಸಗಳನ್ನು ಮುಂದೂಡಿದೆ. ಒಬ್ಬನೇ ಮರಗಾಲು ಕಟ್ಟಬಾರದು ಅನ್ನುವುದು ಭಾವನ ನಿಯಮ. ಅದನ್ನಾದರೂ ಮುರಿಯಬಾರದು ಅನ್ನಿಸಿತು.

ಪಟ್ಟು ಬಿಚ್ಚಿದ ವಾರ ತಂಗಿ ಫೋನು ಮಾಡಿದಳು. ಗುರುವಾರ ತೀರ್ಥಹಳ್ಳಿಯಲ್ಲೇ ಕಿವಿ ಪರೀಕ್ಷೆ ಮಾಡಿಸುವುದಂತೆ, ತನಗೆ ಬೇರೆ ಕೆಲಸವಿದೆ, ಜೊತೆಗೆ ನೀನು ಹೋಗು ಅಂದಳು. ಗುರುವಾರ ಮೊದಲ ಬಸ್ಸು ಹತ್ತಿದೆ. ಇವತ್ತು ಹೇಳದೆ ವಾಪಸು ಬರುವುದಿಲ್ಲ ಅಂತ ಮನೆಯಲ್ಲೇ ನಿರ್ಧರಿಸಿಯಾಗಿತ್ತು. ಹೊಸನಗರ ದಾಟುವವರೆಗೂ ಮನಸ್ಸಿನಲ್ಲಿ ಮಾತು ಜೋಡಿಸಿದೆ. ಒಂದೂ ಸರಿಯಾಗಲಿಲ್ಲ.

ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಭಾವನ ಕೈಯಲ್ಲಿ ಟೋಕನ್ ಇತ್ತು. ಎಡಗೈ ಸೊರಗಿ ಬೆಳ್ಳಗಾಗಿತ್ತು. ನಾನು ಅವನ ಕಡೆ ತಿರುಗದೆ ಹೇಳಿದೆ.

“ಭಾವ, ನಾನು ಅವತ್ತು ಕೂಗಿರ್ಲಿಲ್ಲ.”

ಅವನಿಗೆ ಕೇಳಿಸಿಲ್ಲವೇನೋ ಅಂತ ಒಂದು ಗಳಿಗೆ ನನಗೇ ಭ್ರಮೆಯಾಯಿತು.

“ಬಾಯಲ್ಲಿ ಕವಳ ಇತ್ತು. ತಟ್ಟೆ ಇಟ್ಟಿದ್ದು ನೋಡಿದ್ದೆ. ಬಾಯಿ ಬಿಟ್ರೆ ಬೋರ್ಡು ಹಾಳಾಗ್ತದೆ ಅಂತ ನೋಡ್ತಾ ನಿಂತೆ. ಆಮೇಲೆ ಸುಳ್ಳು ಹೇಳ್ದೆ. ನಿನ್ನ ಕಿವಿಗೆ ಎಂತ ಆಗಿಲ್ಲ.”

ಭಾವ ಟೋಕನ್ನನ್ನು ಒಂದು ಸಲ ತಿರುವಿ ನೋಡಿದ. ಬಯ್ಯುತ್ತಾನೆ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

“ನಿನ್ ಮಾತು ನಂಬಿ ಕಿವಿ ಹೋಯ್ತು ಅಂದ್ಕಂಡೆ” ಅಂದ. “ಈಗ ನಿನ್ ಮಾತೇ ನಂಬಿ ಕಿವಿ ಬಂತು ಅಂದ್ಕಳ್ಳಾ? ಬೇಡ. ಮಷಿನ್ನು ಹೇಳ್ಲಿ.”

ನಂಬರು ಕೂಗಿದರು. ಅವನು ಮೊದಲ ಕೂಗಿಗೇ ಎದ್ದು ಒಳಗೆ ಹೋದ. ಅರ್ಧ ಗಂಟೆ ನಾನು ಆ ಬೆಂಚಿನ ಮೇಲೆ ಕೂತಿದ್ದೆ. ಒಣಗಿದ ಬಾಯಿ. ಹಿಂದೆಂದೂ ಕವಳ ಅಷ್ಟು ಬೇಕೆನಿಸಿರಲಿಲ್ಲ. ಅವನು ಹೊರಗೆ ಬಂದಾಗ ಹಿಂದೆಯೇ ಬಂದ, ಪರೀಕ್ಷೆ ಮಾಡಿದ ಹುಡುಗಿ, “ಏನೂ ತೊಂದ್ರೆ ಇಲ್ಲ ಅಂಕಲ್, ತೀರಾ ಸಣ್ಣ ಸೌಂಡಿಗೂ ಬೆರಳು ಎತ್ತಿದ್ರಿ” ಅಂತ ನಗುತ್ತ ಕಾಗದ ಕೊಟ್ಟಳು. ಭಾವ ಕಾಗದ ಮಡಿಸಿ ಜೇಬಿಗಿಟ್ಟು, ನನ್ನನ್ನು ದಾಟಿ ರಸ್ತೆಗೆ ನಡೆದ. “ಮನೇಲಿ ನೀನೇ ಹೇಳು” ಅಂದದ್ದು ಅಷ್ಟೇ.

ಮನೆಯಲ್ಲಿ ಹೇಳಿದೆ. ತಂಗಿ ಪೂರ್ತಿ ಕೇಳಿ, ತುಂಬ ಮೆಲ್ಲಗೆ ಮಾತಾಡಿದಳು. “ಒಂದೂವರೆ ತಿಂಗ್ಳು ಗಂಟ್ಲು ಹರ್ಕಂಡಿದೀನಿ ಅಣ್ಣ. ಇವ್ರೂ ಮಾವನ ಹಂಗೇ ಆದ್ರು ಅಂತ ಒಬ್ಳೇ ಕೂತು ಅತ್ತಿದೀನಿ. ನಿಂಗೆ ಒಂದ್ ಮಾತು ಹೇಳಕ್ಕೆ ಇಷ್ಟು ದಿನ ಬಾಯಿ ಇರ್ಲಿಲ್ವಾ?” ಅವಳು ಊಟಕ್ಕೆ ಏಳಿ ಅಂತ ಹೇಳಲಿಲ್ಲ. ನನ್ನ ತಂಗಿ ನನಗೆ ಊಟ ಹಾಕದೆ ಕಳಿಸಿದ್ದು ಅದೊಂದೇ ಸಲ. ಅಳುತ್ತಲೇ ಬಸ್‌ಸ್ಟ್ಯಾಂಡಿನವರೆಗೆ ನಡೆದೇ ಹೋದೆ.

ವಾಪಸು ಬರುವಾಗ ಹೊಸನಗರದಲ್ಲಿ ಇಳಿದೆ. ಆ ಅಮ್ಮನ ಮನೆಗೆ ಆಟೋ ಹಿಡಿದು ಹೋಗಿ, ತಪ್ಪು ನಿಮ್ಮದಲ್ಲ, ನನ್ನದು ಅಂತ ಹೇಳಿದೆ. ಅವರು, “ಆ ದಿನದಿಂದ ಆ ಚೊಂಬು ಮುಟ್ಟಿದ್ದೇ ಇಲ್ಲೆ” ಅಂದರು. ಒಳಗೆ ಹೋದರು. ಹುಣಸೆಹಣ್ಣು ಹಾಕಿ ಚೊಂಬು ತಿಕ್ಕುವ ಸದ್ದು ಕೇಳಿಸಿತು. ಅದೇ ಚೊಂಬಿನಲ್ಲಿ ನೀರು ತಂದು, ಬೆಲ್ಲದ ಜೊತೆ ನನ್ನ ಕೈಗೇ ಕೊಟ್ಟರು. ನೆಲಕ್ಕಿಡಲಿಲ್ಲ.

ಎಂಟು ದಿನ ಭಾವನಿಂದ ಫೋನಿಲ್ಲ. ನಾನೂ ಮಾಡಲಿಲ್ಲ. ಮತ್ತೆ ಕೆಲಸಕ್ಕೆ ಬರುವುದು ಬಿಡುವುದು ಅವನ ಇಚ್ಛೆ. ನನ್ನ ಕೈಯಲ್ಲಿದ್ದದ್ದು ಒಂದೇ, ಕವಳ ಮುಟ್ಟದೆ ಇರುವುದು. ಅದನ್ನು ಹಟ ಹಿಡಿದು ಮಾಡಿದೆ. ಒಂಬತ್ತನೆಯ ದಿನ ಅವನೇ ಫೋನು ಮಾಡಿ, “ನಿಟ್ಟೂರಲ್ಲಿ ಒಂದು ಹಾಲ್ ಇದೆ. ಸೋಮವಾರ ಎಂಟಕ್ಕೆ ಬಾ” ಅಂತ ಹೇಳಿ ಇಟ್ಟ. ಸ್ಕ್ರೂ ಅಂಗಡಿಯ ವಿಷಯ ಕೇಳಲು ನನಗೆ ಬಾಯಿ ಬರಲಿಲ್ಲ.

ಸೋಮವಾರ ನಾನು ಏಳೂವರೆಗೇ ಅಲ್ಲಿದ್ದೆ. ನೆಲ ಗುಡಿಸಿದೆ. ಮನೆಯವರಿಗೆ, ನಾವು ಮೇಲಿರುವಾಗ ಏನು ತಂದರೂ ಬಾಗಿಲಲ್ಲೇ ನಿಂತು ಕರೆಯಿರಿ, ಒಳಗೆ ಏನೂ ಇಡಬೇಡಿ ಅಂತ ಕೈಮುಗಿದು ಹೇಳಿದೆ. ಭಾವ ಬಂದ. ಟವೆಲಿನ ವಾಸನೆ ಹೋಗಲೆಂದು ಮರಗಾಲುಗಳನ್ನು ತೊಳೆದು ತಂದಿದ್ದ. ಬೋಲ್ಟುಗಳನ್ನು ಒಂದೊಂದಾಗಿ ತಿರುಗಿಸಿದ, ಬೆಲ್ಟುಗಳನ್ನು ಎಳೆದು ನೋಡಿದ, ನೆಲದ ಮೇಲೆ ಅಂಗೈ ಸವರಿ ತೇವ ನೋಡಿದ. ಆಮೇಲೆ ನನ್ನ ಎದುರಿಗೆ ಬಂದು ನಿಂತ.

“ಬಾಯಿ ತೆಗಿ.”

ತೆಗೆದೆ. ಮೊಬೈಲಿನ ಟಾರ್ಚು ಹಾಕಿ ಎರಡೂ ಗಲ್ಲದ ಒಳಗೆ ನೋಡಿದ. ನಲವತ್ತೇಳು ವರ್ಷದ ನಾನು, ಮನೆಯವರೆಲ್ಲ ನೋಡುತ್ತಿರುವಾಗ, ಹಾಲಿನ ನಡುವೆ ಬಾಯಿ ತೆರೆದು ನಿಂತಿದ್ದೆ. ನಾಚಿಕೆಯಾಯಿತು. ಆಗಬೇಕಾದದ್ದೇ. “ಹೂಂ, ಕಟ್ಕ” ಅಂದ. ಅಂದಿನಿಂದ ಅದೂ ಒಂದು ನಿಯಮ. ನೆಲ, ಬೋಲ್ಟು, ಬೆಲ್ಟು, ಕೊನೆಗೆ ನನ್ನ ಬಾಯಿ. ಇವತ್ತಿನವರೆಗೆ ಒಂದು ದಿನವೂ ತಪ್ಪಿಸಿಲ್ಲ.

ಮೇಲೆ ನಿಂತಾಗ ಅವನು ಭಾರವನ್ನೆಲ್ಲ ಬಲಗೈಗೇ ಹಾಕಿಕೊಂಡ. ಮೊದಲ ಬೋರ್ಡು ಕೂತಿತು. ಎರಡನೆಯದನ್ನು ಎತ್ತಿ ಹಿಡಿದೆವು. ಅವನು ಹಿಂದಕ್ಕೆ ಕಾಲು ಸರಿಸುವಾಗ, ಆಗ ತಾನೇ ಕತ್ತರಿಸಿ ಇಟ್ಟಿದ್ದ ಪಟ್ಟಿಯ ತುಂಡೊಂದು ಗೋಡೆಯಿಂದ ಜಾರಿ ಅವನ ಹಿಂದೆ ಅಡ್ಡ ಬಿದ್ದದ್ದು ನೋಡಿದೆ.

“ಭಾವಾ, ನಿಲ್ಲು” ಅಂತ ಕೂಗಿದೆ. ಅಷ್ಟು ದಿನ ಒಳಗೆ ಕೂತಿದ್ದದ್ದೆಲ್ಲ ಒಂದೇ ಸಲ ಹೊರಗೆ ಬಂದ ಹಾಗಿತ್ತು. ಅಡುಗೆಮನೆಯಲ್ಲಿದ್ದವರು ಓಡಿ ಬಂದರು. ಅಂಗಳದಲ್ಲಿ ನಾಯಿ ಬೊಗಳಿತು.

ಭಾವ ಹೆಜ್ಜೆಯನ್ನು ಅರ್ಧಕ್ಕೇ ತಡೆದು, ಕಾಲನ್ನು ಮತ್ತೆ ಮೊದಲಿದ್ದಲ್ಲೇ ಇಟ್ಟ. ಬೋರ್ಡಿನ ಕೆಳಗಿನಿಂದ ನನ್ನ ಮುಖ ನೋಡಿದ. ಆ ಗುರುವಾರದ ಮೇಲೆ ಅವನು ನನ್ನ ಕಣ್ಣಿಗೆ ಕಣ್ಣು ಕೊಟ್ಟು ನೋಡಿದ್ದು ಆಗಲೇ.

“ಕೇಳ್ತು” ಅಂದ. “ಇಷ್ಟು ಜೋರು ಬೇಡ ಮಾರಾಯ. ನಾನು ಕೆಪ್ಪ ಅಲ್ಲ.”

ಬಾಗಿಲಲ್ಲಿ ನಿಂತಿದ್ದ ಮನೆಯವರು ಆ ತುಂಡನ್ನು ಎತ್ತಿಕೊಂಡು ಹೋದರು. ನಾವು ಬೋರ್ಡು ಕೂರಿಸಿದೆವು.